ಕೆನ್ನೆ ಮೂಳೆ ಮುರಿದರೆ? ನಡುಮುಖದ ಪೆಟ್ಟುಗಳ ಬಗ್ಗೆ ಒಂದಿಷ್ಟು ವಿವರ

ಸ್ಕೂಟರಿನಿಂದ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿ ಕೆಲವು ಗಂಟೆಯಾದ ಮೇಲೆ ಮನೆಯವರ ಕೈಗೆ ಸಿ.ಟಿ. ಸ್ಕ್ಯಾನ್ ರಿಪೋರ್ಟ್ ಬರುತ್ತದೆ. ‘ಝಡ್‌ಎಂಸಿ ಫ್ರ್ಯಾಕ್ಚರ್’, ‘ಲೆ ಫೋರ್ಟ್ ಟೂ’, ‘ಆರ್ಬಿಟಲ್ ಫ್ಲೋರ್’ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಅದರ ಫೋಟೊ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಒಬ್ಬರು ‘ಸುಮ್ನೆ ಊತ, ಐಸ್ ಇಟ್ಟರೆ ಸಾಕು’ ಅನ್ನುತ್ತಾರೆ. ಇನ್ನೊಬ್ಬರು ‘ಮುಖದ ಆಪರೇಷನ್ ಅಂದ್ರೆ ಪ್ಲಾಸ್ಟಿಕ್ ಸರ್ಜರಿ, ಲಕ್ಷಗಟ್ಟಲೆ ಖರ್ಚು’ ಅಂತ ಹೆದರಿಸುತ್ತಾರೆ. ಕೈಕಾಲು ಮುರಿದರೆ ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕೆನ್ನೆ ಮುರಿಯುತ್ತದೆ ಎಂಬುದೇ ಹಲವರಿಗೆ ಹೊಸ ಸುದ್ದಿ.

ಆ ರಿಪೋರ್ಟಿನಲ್ಲಿ ಏನಿದೆ, ಮುಖ ಯಾಕೆ ಹಾಗೆ ಮುರಿಯುತ್ತದೆ, ಯಾವುದಕ್ಕೆ ಅವಸರ ಮಾಡಬೇಕು, ಯಾವುದಕ್ಕೆ ಕಾಯಬಹುದು ಎಂಬುದನ್ನು ಮೊದಲಿನಿಂದ ನೋಡೋಣ.

ನಡುಮುಖ ಅಂದರೆ ಎಲ್ಲಿ?

ಹುಬ್ಬಿನಿಂದ ಮೇಲಿನ ಹಲ್ಲಿನ ಸಾಲಿನವರೆಗೆ ಇರುವ ಭಾಗವೇ ನಡುಮುಖ. ಮೂಗು, ಎರಡು ಕೆನ್ನೆ, ಕಣ್ಣುಗಳು ಕೂತಿರುವ ಗೂಡು, ಮೇಲ್ದವಡೆ, ಬಾಯೊಳಗಿನ ಅಂಗುಳ ಎಲ್ಲ ಇದರೊಳಗೆ ಬರುತ್ತವೆ. ಕೆಳದವಡೆ ಬರುವುದಿಲ್ಲ.

2002ರ ಮೇ ತಿಂಗಳ ಆಂಟಿಗಾ ಟೆಸ್ಟ್ ನೆನಪಿದೆಯಲ್ವಾ? ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆ ದವಡೆ ಮುರಿಯಿತು. ಅವರು ಮುಖದ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ಬಂದು 14 ಓವರ್ ಬೌಲ್ ಮಾಡಿ ಬ್ರಿಯಾನ್ ಲಾರಾ ವಿಕೆಟ್ ತೆಗೆದರು. ಅವತ್ತು ಮುರಿದಿದ್ದು ಕೆಳದವಡೆ. ಅದು ಒಂದೇ ಗಟ್ಟಿ ಮೂಳೆ. ಕಿವಿಯ ಮುಂದೆ ಕೀಲುಗಳಿವೆ, ಅಲ್ಲಿಂದ ಅದು ಆಡುತ್ತದೆ.

ನಡುಮುಖದ ಕತೆಯೇ ಬೇರೆ. ಇಲ್ಲಿ ಹತ್ತಾರು ಮೂಳೆಗಳಿವೆ. ಕೆಲವು ಕಾಗದದಷ್ಟು ತೆಳು. ಒಂದೂ ಅಲ್ಲಾಡುವುದಿಲ್ಲ. ಒಂದಕ್ಕೊಂದು ಬೆಸೆದುಕೊಂಡು, ಹಿಂದೆ ತಲೆಬುರುಡೆಯ ತಳಕ್ಕೆ ಅಂಟಿಕೊಂಡಿರುತ್ತವೆ. ಹಾಗಾಗಿ ಇಲ್ಲಿ ಒಂದು ಮೂಳೆ ಮಾತ್ರ ಮುರಿಯುವುದು ಕಡಿಮೆ. ಪಕ್ಕದ್ದೂ ಜೊತೆಗೆ ಬಿರುಕು ಬಿಡುತ್ತದೆ.

ಕಂಬ ಗಟ್ಟಿ, ಗೋಡೆ ತೆಳು

ಹಳೆಯ ತೊಟ್ಟಿ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಮನೆಯ ಮಾಡಿನ ಭಾರ ಹೊರುವುದು ಮರದ ಕಂಬಗಳು. ಕಂಬಗಳ ನಡುವೆ ಹಾಕಿದ ತೆಳು ಗೋಡೆ ಬರೀ ಮರೆಗೆ. ನಡುಮುಖವೂ ಹಾಗೇ ಇದೆ. ಮೂಗಿನ ಎರಡೂ ಪಕ್ಕ, ಎರಡೂ ಕೆನ್ನೆಯ ಕಡೆ, ಮತ್ತೆ ಹಿಂದೆ ಅಂಗುಳದ ಆಚೆ ದಪ್ಪ ಮೂಳೆಯ ಕಂಬಗಳಿವೆ. ಅವುಗಳ ನಡುವೆ ಇರುವುದು ತೆಳು ಗೋಡೆ. ಗೋಡೆಯ ಹಿಂದೆ ಬರೀ ಗಾಳಿ. ಆ ಗಾಳಿಗೂಡುಗಳನ್ನೇ ನಾವು ಸೈನಸ್ ಅನ್ನುವುದು.

ಈ ಕಂಬಗಳು ಯಾವ ಭಾರ ಹೊರಲು ಬೆಳೆದಿವೆ? ಅಗಿಯುವ ಭಾರ. ಕಬ್ಬು ಸಿಗಿಯುವಾಗ, ಕೋಡುಬಳೆ ಕಡಿಯುವಾಗ ಬಲ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಆ ದಿಕ್ಕಿನ ಬಲವನ್ನು ಮುಖ ಚೆನ್ನಾಗಿ ತಡೆಯುತ್ತದೆ. ಮುಂದಿನಿಂದ ಇಲ್ಲವೇ ಪಕ್ಕದಿಂದ ಬಂದ ಪೆಟ್ಟು ಕಂಬಕ್ಕೆ ಅಡ್ಡಲಾಗಿ ಬೀಳುತ್ತದೆ. ಅದನ್ನು ತಡೆಯುವ ಶಕ್ತಿ ಬಹಳ ಕಮ್ಮಿ. ಟಾರು ರಸ್ತೆಗೆ ಮುಖ ಅಪ್ಪಳಿಸಿದಾಗ ಬರುವುದು ಇದೇ ಬಲ.

ಮುಖ ಹೀಗೆ ನುಗ್ಗಾಗುವಾಗ ಪೆಟ್ಟಿನ ಬಲ ಸ್ವಲ್ಪ ಅಲ್ಲೇ ಖರ್ಚಾಗುತ್ತದೆ. ಮೆದುಳಿಗೆ ತಲುಪುವುದು ಅಷ್ಟು ಕಡಿಮೆಯಾಗುತ್ತದೆ. ಹಾಗಂತ ಮೆದುಳು ಪಾರಾಯಿತು ಅಂದುಕೊಳ್ಳುವ ಹಾಗಿಲ್ಲ. ಜೋರಾದ ಅಪಘಾತದಲ್ಲಿ ನಡುಮುಖ ಮುರಿದವರಿಗೆ ತಲೆಗೂ ಪೆಟ್ಟು ಬಿದ್ದಿರುವುದು ಮಾಮೂಲಿ.

1901ರಲ್ಲಿ ಎಳೆದ ಮೂರು ಗೆರೆ

ರಿಪೋರ್ಟಿನಲ್ಲಿರುವ ‘ಲೆ ಫೋರ್ಟ್’ ಒಬ್ಬ ಡಾಕ್ಟರ ಹೆಸರು. ರೆನೆ ಲೆ ಫೋರ್ಟ್ ಫ್ರಾನ್ಸಿನ ಲಿಲ್ ಊರಿನ ಶಸ್ತ್ರವೈದ್ಯ. ಅವರ ಪ್ರಯೋಗ ಕೇಳಿದರೆ ಮೈ ಜುಂ ಅನ್ನುತ್ತದೆ. ಹೆಣಗಳ ತಲೆಗೆ ಬೇರೆ ಬೇರೆ ದಿಕ್ಕಿನಿಂದ ಮೊಂಡು ಪೆಟ್ಟು ಕೊಡುವುದು, ಆಮೇಲೆ ಚರ್ಮ, ಮಾಂಸ ತೆಗೆದು ಮೂಳೆ ಎಲ್ಲಿ ಬಿರುಕು ಬಿಟ್ಟಿದೆ ನೋಡುವುದು. ಹೊಡೆತ ಬೇರೆ ಬೇರೆಯಾದರೂ ಬಿರುಕು ಮಾತ್ರ ಮತ್ತೆ ಮತ್ತೆ ಅವೇ ದಾರಿಗಳಲ್ಲಿ ಓಡುತ್ತಿತ್ತು. 1901ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಮೊದಲ ಗೆರೆ ಮೇಲಿನ ಹಲ್ಲುಗಳ ಬೇರಿನ ಮೇಲೆ ಅಡ್ಡಡ್ಡ ಹೋಗುತ್ತದೆ. ಇದು ಲೆ ಫೋರ್ಟ್ ಒನ್. ಹಲ್ಲಿನ ಸಾಲು, ಅಂಗುಳ ಎರಡೂ ಮುಖದಿಂದ ಬಿಟ್ಟುಕೊಳ್ಳುತ್ತವೆ. ಡಾಕ್ಟರು ಮೇಲಿನ ಹಲ್ಲು ಹಿಡಿದು ಅಲ್ಲಾಡಿಸಿದರೆ ಇಡೀ ಸಾಲೇ ಅಲ್ಲಾಡುತ್ತದೆ.

ಎರಡನೆಯದು ಗೋಪುರದ ಆಕಾರದ್ದು. ಮೂಗಿನ ಬುಡದಿಂದ ಶುರುವಾಗಿ, ಎರಡೂ ಕಣ್ಣಿನ ಗೂಡಿನ ಒಳ ಅಂಚು ದಾಟಿ, ಕೆನ್ನೆಯ ಕೆಳಗೆ ಇಳಿಯುತ್ತದೆ. ಹಲ್ಲು ಅಲ್ಲಾಡಿಸಿದರೆ ಮೂಗೂ ಅಲ್ಲಾಡುತ್ತದೆ.

ಮೂರನೆಯದು ತೀರಾ ದೊಡ್ಡದು. ಕೆನ್ನೆ ಮೂಳೆಗಳ ಸಮೇತ ಇಡೀ ಮುಖವೇ ತಲೆಬುರುಡೆಯಿಂದ ಬೇರೆಯಾಗಿರುತ್ತದೆ. ಮುಖ ಉದ್ದವಾದಂತೆ, ಚಪ್ಪಟೆಯಾದಂತೆ ಕಾಣುತ್ತದೆ.

ಇವತ್ತಿನ ಅಪಘಾತಗಳು ಈ ಮೂರರಲ್ಲಿ ಒಂದಕ್ಕೆ ನೀಟಾಗಿ ಹೊಂದುವುದು ಅಪರೂಪ. ಬಲಗಡೆ ಒನ್, ಎಡಗಡೆ ಟೂ, ಜೊತೆಗೆ ಅಂಗುಳ ಉದ್ದಕ್ಕೆ ಸೀಳು, ಹೀಗೆಲ್ಲ ಬೆರಕೆ ಇರುತ್ತದೆ. ಲೆ ಫೋರ್ಟ್ ಕಾಲದ ಪೆಟ್ಟಿಗೂ ಹೆದ್ದಾರಿಯಲ್ಲಿ ಓಡುವ ಬೈಕಿನ ಪೆಟ್ಟಿಗೂ ಅಷ್ಟು ವ್ಯತ್ಯಾಸವಿದೆ. ಆದರೂ ಆ ಹೆಸರನ್ನು ಯಾರೂ ಬಿಟ್ಟಿಲ್ಲ. ‘ಲೆ ಫೋರ್ಟ್ ಥ್ರೀ’ ಅಂದರೆ ಸಾಕು, ಫೋನಿನ ಆಚೆ ಇರುವ ಡಾಕ್ಟರಿಗೆ ಪೆಟ್ಟು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ಜಾಸ್ತಿ ಮುರಿಯುವುದು ಯಾವುದು?

ಎಲ್ಲಕ್ಕಿಂತ ಹೆಚ್ಚು ಮುರಿಯುವುದು ಮೂಗು. ಮುಂದೆ ಚಾಚಿಕೊಂಡಿದೆ, ಮೂಳೆಯೂ ತೆಳು. 2014ರಲ್ಲಿ ಮ್ಯಾಂಚೆಸ್ಟರ್ ಟೆಸ್ಟಿನಲ್ಲಿ ವರುಣ್ ಆರನ್ ಎಸೆದ ಚೆಂಡು ಹೆಲ್ಮೆಟ್ಟಿನ ಜಾಲರಿಯ ಸಂದಿನಲ್ಲಿ ನುಗ್ಗಿ ಸ್ಟುವರ್ಟ್ ಬ್ರಾಡ್ ಮೂಗು ಮುರಿದಿತ್ತು. ಆದರೆ ದೊಡ್ಡ ಆಸ್ಪತ್ರೆಗಳ ಲೆಕ್ಕದಲ್ಲಿ ಎಷ್ಟೋ ಸಲ ಕೆನ್ನೆ ಮೂಳೆಯೇ ಮೊದಲ ಸ್ಥಾನದಲ್ಲಿರುತ್ತದೆ. ಕಾರಣ ಸರಳ. ಮೂಗು ಮುರಿದವರಲ್ಲಿ ಹಲವರು ಹತ್ತಿರದ ಕ್ಲಿನಿಕ್ಕಿನಲ್ಲೇ ತೋರಿಸಿ ಮನೆಗೆ ಹೋಗುತ್ತಾರೆ. ದೊಡ್ಡ ಆಸ್ಪತ್ರೆಯ ರಿಜಿಸ್ಟರಿಗೆ ಅವರ ಹೆಸರು ಬರುವುದೇ ಇಲ್ಲ. ಆಸ್ಪತ್ರೆಯ ಯಾವುದೇ ಅಂಕಿಸಂಖ್ಯೆ ಓದುವಾಗ ಇದು ತಲೆಯಲ್ಲಿರಲಿ. ಅಲ್ಲಿ ಇರುವುದು ಬಂದವರ ಲೆಕ್ಕ ಮಾತ್ರ.

ಕೆನ್ನೆ ಮೂಳೆ ನಾಲ್ಕು ಕಡೆ ಅಕ್ಕಪಕ್ಕದ ಮೂಳೆಗಳಿಗೆ ಸೇರಿಕೊಂಡಿದೆ. ಪೆಟ್ಟು ಬಿದ್ದಾಗ ಆ ಬೆಸುಗೆಗಳೇ ಬಿಟ್ಟುಕೊಂಡು ಮೂಳೆ ಒಳಕ್ಕೆ ಕುಸಿಯುತ್ತದೆ. ‘ಝಡ್‌ಎಂಸಿ’ ಅಂತ ಬರೆಯುವುದು ಇದಕ್ಕೇ. ಕೆನ್ನೆ ಚಪ್ಪಟೆಯಾಗುತ್ತದೆ. ಕೆನ್ನೆ, ಮೂಗಿನ ಪಕ್ಕ, ಮೇಲ್ತುಟಿ ಮತ್ತು ಮೇಲಿನ ಹಲ್ಲುಗಳಲ್ಲಿ ಜೋಮು ಹಿಡಿಯುತ್ತದೆ. ಕಣ್ಣಿನ ಕೆಳಗೆ ಹಾದುಬರುವ ನರ ಮುರಿದ ಮೂಳೆಯ ನಡುವೆ ನಲುಗುವುದೇ ಇದಕ್ಕೆ ಕಾರಣ. ಕಿವಿಯ ಕಡೆಗೆ ಹೋಗುವ ಕೆನ್ನೆಯ ಕಮಾನು ಒಳಗೆ ಬಿದ್ದರೆ ಬಾಯಿ ತೆರೆಯಲು ಕಷ್ಟ. ಅಲ್ಲಿ ಕೆಳದವಡೆಯ ಮೇಲ್ತುದಿಗೆ ಆಡಲು ಜಾಗ ಇರುವುದಿಲ್ಲ.

ಕಣ್ಣಿನ ಗೂಡಿನ ನೆಲ ಮುರಿಯುವುದು ಇನ್ನೊಂದು ಬಗೆ. ರಿಪೋರ್ಟಿನಲ್ಲಿ ‘ಆರ್ಬಿಟಲ್ ಫ್ಲೋರ್’ ಅನ್ನುವುದು ಈ ನೆಲಕ್ಕೇ. ಚೆಂಡೋ ಮುಷ್ಟಿಯೋ ಕಣ್ಣಿಗೆ ಬಡಿದಾಗ ಗೂಡಿನ ಅಂಚು ಗಟ್ಟಿಯಾಗಿ ಉಳಿದು, ಒಳಗಿನ ತೆಳು ನೆಲ ಕೆಳಗಿನ ಸೈನಸ್ಸಿಗೆ ಒಡೆದು ಬೀಳುತ್ತದೆ. ಕಣ್ಣಿನ ಸುತ್ತಲಿನ ಕೊಬ್ಬು, ಕೆಲವೊಮ್ಮೆ ಕಣ್ಣು ಆಡಿಸುವ ಸ್ನಾಯು ಆ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ನೋಡಿದರೆ ಒಂದು ಎರಡಾಗಿ ಕಾಣುತ್ತದೆ.

ಮಕ್ಕಳಲ್ಲಿ ನಡುಮುಖ ಮುರಿಯುವುದು ಕಡಿಮೆ. ಅವರ ಮೂಳೆ ಬಾಗುವ ಗುಣದ್ದು, ಸೈನಸ್ ಇನ್ನೂ ಸಣ್ಣದು. ಆದರೆ ಆ ಬಾಗುವ ಗುಣದಿಂದಲೇ ಒಂದು ಅಪಾಯವೂ ಇದೆ. ಕಣ್ಣಿನ ಗೂಡಿನ ನೆಲ ಬಿರುಕು ಬಿಟ್ಟು, ಮತ್ತೆ ವಾಪಸ್ ಬಂದು ಮುಚ್ಚಿಕೊಳ್ಳುತ್ತದೆ. ನಡುವೆ ಸ್ನಾಯು ಸಿಕ್ಕಿಕೊಂಡಿರುತ್ತದೆ. ಹೊರಗೆ ಕಣ್ಣು ಕೆಂಪಾಗಿರುವುದಿಲ್ಲ, ಊತವೂ ಅಷ್ಟಿರುವುದಿಲ್ಲ. ಮಗು ಮೇಲೆ ನೋಡಲು ಆಗದೆ ಒದ್ದಾಡುತ್ತದೆ, ವಾಂತಿ ಮಾಡುತ್ತದೆ, ನಾಡಿ ನಿಧಾನವಾಗುತ್ತದೆ. ವಾಂತಿ ಕಂಡು ತಲೆಗೆ ಪೆಟ್ಟಾಗಿದೆ ಎಂದುಕೊಂಡು ಕಣ್ಣನ್ನು ಯಾರೂ ಗಮನಿಸದೇ ಇರಬಹುದು. ಇದಕ್ಕೆ ಕಾಯುವಂತಿಲ್ಲ. ಸ್ನಾಯುವನ್ನು ಬೇಗ ಬಿಡಿಸದಿದ್ದರೆ ಅದು ಸೊರಗಿಹೋಗುತ್ತದೆ.

ಮುರಿಯುವುದು ಯಾಕೆ? ರಸ್ತೆಯೇ ಮೊದಲು

ಭಾರತದ ಆಸ್ಪತ್ರೆಗಳಲ್ಲಿ ನಡುಮುಖ ಮುರಿತಕ್ಕೆ ಮೊದಲ ಕಾರಣ ರಸ್ತೆ ಅಪಘಾತ. ಅದರಲ್ಲೂ ದ್ವಿಚಕ್ರ ವಾಹನ. ಬರುವವರಲ್ಲಿ ಗಂಡಸರೇ ಜಾಸ್ತಿ, ಅದರಲ್ಲೂ ಇಪ್ಪತ್ತರಿಂದ ನಲವತ್ತರ ಒಳಗಿನವರು. ದುಡಿದು ಮನೆ ನಡೆಸುವ ವಯಸ್ಸು ಅದು.

ಬೈಕ್ ಸವಾರನ ಮುಂದೆ ಏನೂ ಇರುವುದಿಲ್ಲ. ಕಾಣದ ಹಂಪ್, ಮಳೆನೀರು ತುಂಬಿದ ಗುಂಡಿ, ಅಡ್ಡ ಬಂದ ದನ, ನಾಯಿ, ಯಾವುದಾದರೂ ಸಾಕು. ಬೈಕ್ ನಿಲ್ಲುತ್ತದೆ, ಸವಾರ ಹ್ಯಾಂಡಲ್ ದಾಟಿ ಮುಂದೆ ಹಾರುತ್ತಾನೆ. ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸರಿಗೆ ಹಿಡಿತ ಕಮ್ಮಿ. ಸೆರಗು, ವೇಲ್ ಚಕ್ರಕ್ಕೆ ಸಿಕ್ಕಿ ಬೀಳುವುದೂ ಉಂಟು.

ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹೆಲ್ಮೆಟ್ ಹಾಕದೆ ಸತ್ತವರು 50,029. ಇದು ಸಾವಿನ ಲೆಕ್ಕ. ಮುಖ ಮುರಿದುಕೊಂಡು ಬದುಕಿ ಉಳಿದವರನ್ನು ಈ ಲೆಕ್ಕದಲ್ಲಿ ಹುಡುಕಲಾಗದು.

ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ ಹಾಕಿದ್ದರೂ ಮುಖ ಮುರಿದುಕೊಂಡು ಬರುವವರಿದ್ದಾರೆ, ಅದು ಹೇಗೆ? ನಮ್ಮ ರಸ್ತೆಗಳಲ್ಲಿ ಕಾಣುವ ಅರ್ಧ ಹೆಲ್ಮೆಟ್ ನೆತ್ತಿಯನ್ನು ಮಾತ್ರ ಮುಚ್ಚುತ್ತದೆ. ಕೆನ್ನೆ, ಮೂಗು, ಬಾಯಿ ಬಯಲಲ್ಲೇ ಇರುತ್ತವೆ. ಪೊಲೀಸರಿಗೆ ತೋರಿಸಲು ಅದು ಸಾಕಾಗಬಹುದು, ರಸ್ತೆಗೆ ಸಾಕಾಗುವುದಿಲ್ಲ. ಗದ್ದದವರೆಗೆ ಮುಚ್ಚುವ, ಐಎಸ್ 4151 ಎಂಬ ಐಎಸ್‌ಐ ಗುರುತಿರುವ ಹೆಲ್ಮೆಟ್ಟೇ ನಡುಮುಖಕ್ಕೆ ಅಡ್ಡ ನಿಲ್ಲುವುದು. ಅದೂ ಪಟ್ಟಿ ಬಿಗಿದಿದ್ದರೆ. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಕಾರಿನಲ್ಲಾದರೆ ಈ ಕೆಲಸ ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಎರಡೂ ಸೇರಿ ಮಾಡುತ್ತವೆ.

ಬಿದ್ದವರು, ಹೊಡೆತ ತಿಂದವರು

ಯುರೋಪಿನ ಹಲವು ದೇಶಗಳಲ್ಲಿ ಚಿತ್ರ ಬೇರೆ. ಅಲ್ಲಿ ರಸ್ತೆ ಅಪಘಾತಕ್ಕಿಂತ ಹೊಡೆದಾಟ ಮತ್ತು ಬೀಳುವುದು ಮುಂದಿದೆ. ನಮ್ಮಲ್ಲಿ ಇವು ರಸ್ತೆಯ ನಂತರ ಬರುತ್ತವೆ. ವಯಸ್ಸಾದವರು ಬಚ್ಚಲಲ್ಲಿ ಜಾರುತ್ತಾರೆ. ಮಲೆನಾಡು, ಕರಾವಳಿಯಲ್ಲಿ ತೆಂಗು, ಅಡಿಕೆ ಮರದಿಂದ ಬೀಳುತ್ತಾರೆ. ಹಳ್ಳಿಗಳಲ್ಲಿ ಎತ್ತು ಹಾಯುವುದು, ದನ ಒದೆಯುವುದು ಇನ್ನೂ ಕಾರಣಗಳ ಪಟ್ಟಿಯಲ್ಲಿದೆ. ಕುಡಿತ ಬಹಳ ಕಡೆ ಹಿನ್ನೆಲೆಯಲ್ಲಿರುತ್ತದೆ.

ಹೊಡೆತದ ಪೆಟ್ಟು ಒಂದೇ ಕಡೆ ಬೀಳುವುದು ಜಾಸ್ತಿ, ಅದೂ ಎಡಗೆನ್ನೆಗೆ. ಎದುರು ನಿಂತು ಹೊಡೆಯುವವರಲ್ಲಿ ಹೆಚ್ಚಿನವರು ಬಲಗೈಯವರು. ‘ಬಾಗಿಲು ಬಡಿಯಿತು’, ‘ಮೆಟ್ಟಿಲು ಇಳಿಯುವಾಗ ಬಿದ್ದೆ’ ಅಂತ ಎಡಗಣ್ಣಿನ ಸುತ್ತ ಪೆಟ್ಟಾಗಿ ಬಂದ ಹೆಂಗಸನ್ನು ಡಾಕ್ಟರು ಗಂಡನನ್ನು ಹೊರಗೆ ಕಳಿಸಿ ಮತ್ತೊಮ್ಮೆ ಕೇಳುವುದು ಇದಕ್ಕೇ. ಹೇಳಿದ ಕತೆ ಮತ್ತು ಮುರಿದ ಜಾಗ ಹೊಂದಬೇಕು.

ಹೊಡೆತ, ಅಪಘಾತ ಎರಡರಲ್ಲೂ ಆಸ್ಪತ್ರೆಯವರು ‘ಎಂಎಲ್‌ಸಿ’ (ಮೆಡಿಕೊ ಲೀಗಲ್ ಕೇಸ್) ಅಂತ ದಾಖಲು ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಸುಮ್ನೆ ತೊಂದರೆ ಕೊಡುತ್ತಿದ್ದಾರೆ ಅಂತ ಮನೆಯವರಿಗೆ ಅನ್ನಿಸಬಹುದು. ಆದರೆ ಮೂಳೆ ಇಲ್ಲವೇ ಹಲ್ಲು ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ಗಂಭೀರ ಗಾಯ. ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಹಾಗೆ ಹೇಳುತ್ತದೆ. ಮುಂದೆ ವಿಮೆ, ಪರಿಹಾರ, ಕೇಸು ಏನೇ ಇದ್ದರೂ ಈ ದಾಖಲೆ ಬೇಕಾಗುತ್ತದೆ.

ಊತ ಮುಚ್ಚಿಡುವ ಸಂಗತಿ

ಮುಖಕ್ಕೆ ರಕ್ತ ಓಡಾಟ ಜಾಸ್ತಿ. ಹಾಗಾಗಿ ಪೆಟ್ಟಾದ ಕೆಲವೇ ಗಂಟೆಯಲ್ಲಿ ಮುಖ ಗುರುತು ಸಿಗದಷ್ಟು ಊದುತ್ತದೆ. ಕುಸಿದ ಕೆನ್ನೆ ಊತದ ಕೆಳಗೆ ಅಡಗುತ್ತದೆ. ಎರಡು ವಾರ ಕಳೆದು ಊತ ಇಳಿದ ಮೇಲೆ ‘ಒಂದು ಕೆನ್ನೆ ಒಳಗೆ ಹೋಗಿದೆಯಲ್ಲ’ ಅಂತ ಕನ್ನಡಿಯಲ್ಲಿ ಕಾಣುತ್ತದೆ. ಅಷ್ಟರಲ್ಲಿ ಮೂಳೆ ತಪ್ಪು ಜಾಗದಲ್ಲೇ ಕೂಡಿಕೊಳ್ಳಲು ಶುರುವಾಗಿರುತ್ತದೆ.

ಆದ್ದರಿಂದ ಊತ ನೋಡಿ ತೀರ್ಮಾನ ಮಾಡಬೇಡಿ. ಕೆಲವು ಪ್ರಶ್ನೆ ಕೇಳಿ. ಹಲ್ಲು ಕಚ್ಚಿದರೆ ಮೊದಲಿನ ಹಾಗೆ ಸರಿಯಾಗಿ ಕೂರುತ್ತದಾ? ಕೆನ್ನೆ, ಮೇಲ್ತುಟಿ ಜೋಮು ಹಿಡಿದಿದೆಯಾ? ಒಂದು ಎರಡಾಗಿ ಕಾಣುತ್ತಿದೆಯಾ? ಕಣ್ಣಿನ ಬಿಳಿಭಾಗದಲ್ಲಿ ರಕ್ತ ಹರಡಿದೆಯಾ? ಬಾಯಿ ಪೂರ್ತಿ ತೆರೆಯುತ್ತದಾ? ಇವುಗಳಲ್ಲಿ ಒಂದರಲ್ಲಿ ತೊಂದರೆ ಕಂಡರೂ ಸ್ಕ್ಯಾನ್ ಬೇಕು.

ಮೂರು ಸಂಗತಿ ಇನ್ನೂ ತುರ್ತಿನವು. ಮೂಗಿನಿಂದ ನೀರಿನಂಥ ತಿಳಿ ದ್ರವ ತೊಟ್ಟಿಕ್ಕುತ್ತಿದ್ದರೆ ಅದು ನೆಗಡಿ ಆಗಿರಲಿಕ್ಕಿಲ್ಲ, ಮೆದುಳಿನ ಸುತ್ತ ಇರುವ ದ್ರವ ಇರಬಹುದು. ಕಣ್ಣು ಮುಂದಕ್ಕೆ ಉಬ್ಬಿ, ಗಟ್ಟಿಯಾಗಿ, ದೃಷ್ಟಿ ಮಂಜಾಗುತ್ತಿದ್ದರೆ ಕಣ್ಣಿನ ಹಿಂದೆ ರಕ್ತ ತುಂಬುತ್ತಿದೆ ಎಂದು ಅರ್ಥ. ಒಂದೆರಡು ಗಂಟೆಯೊಳಗೆ ಒತ್ತಡ ಇಳಿಸದಿದ್ದರೆ ದೃಷ್ಟಿ ಪೂರ್ತಿ ಹೋಗಬಹುದು. ಇನ್ನು ಮೂಗಿನ ಒಳಗೋಡೆಯಲ್ಲಿ ಕೆಂಪಗೆ ಮೆತ್ತನೆಯ ಉಬ್ಬು ಬಂದು ಉಸಿರು ಕಟ್ಟುತ್ತಿದ್ದರೆ ಅಲ್ಲಿ ನಿಂತ ರಕ್ತವನ್ನು ತೆಗೆಸಬೇಕು. ಬಿಟ್ಟರೆ ಒಳಗಿನ ಮೃದ್ವಸ್ಥಿ ಸತ್ತು ಮೂಗು ಕುಸಿಯುತ್ತದೆ.

ಆಸ್ಪತ್ರೆಯಲ್ಲಿ ಮುಖವನ್ನೇ ಮೊದಲು ನೋಡುವುದಿಲ್ಲ

ಮನೆಯವರಿಗೆ ಕಾಣುವುದು ಮುಖ. ಡಾಕ್ಟರು ಮೊದಲು ನೋಡುವುದು ಉಸಿರು. ಮೇಲ್ದವಡೆ ಹಿಂದೆ ಸರಿದಿದ್ದರೆ, ರಕ್ತ ಗಂಟಲಿಗೆ ಇಳಿಯುತ್ತಿದ್ದರೆ, ಮುರಿದ ಹಲ್ಲು ಒಳಗೆ ಹೋಗಿದ್ದರೆ ಉಸಿರು ಕಟ್ಟಬಹುದು. ಎಚ್ಚರವಿರುವ ರೋಗಿ ಎದ್ದು ಕೂತು ಮುಂದಕ್ಕೆ ಬಾಗಲು ಒದ್ದಾಡುತ್ತಿದ್ದರೆ ರಕ್ತ ಹೊರಗೆ ಬರಲಿ ಎಂದೇ. ಅಂಥವರನ್ನು ಬಲವಂತವಾಗಿ ಅಂಗಾತ ಮಲಗಿಸಿದರೆ ಅಪಾಯ. ಆಮೇಲೆ ರಕ್ತಸ್ರಾವ, ಮೆದುಳು, ಕತ್ತಿನ ಮೂಳೆ. ಕತ್ತಿಗೆ ಪೆಟ್ಟಾಗಿಲ್ಲ ಅಂತ ಖಾತ್ರಿಯಾಗುವ ತನಕ ಅದನ್ನು ತಿರುಗಿಸುವುದಿಲ್ಲ. ನಂತರ ಕಣ್ಣು. ಮೂಳೆ ಕೂರಿಸುವ ಸರದಿ ಬರುವುದು ಇವೆಲ್ಲ ಆದ ಮೇಲೆ.

ಸಿ.ಟಿ. ಸ್ಕ್ಯಾನ್ ಮುಖವನ್ನು ಒಂದು ಮಿಲಿಮೀಟರಿನಷ್ಟು ತೆಳು ಪದರಗಳಲ್ಲಿ ತೋರಿಸುತ್ತದೆ. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಗಳು ಒಂದರ ಮೇಲೊಂದು ಬಿದ್ದು ಕಾಣುವುದರಿಂದ ತೆಳು ಬಿರುಕು ತಪ್ಪಿಹೋಗುತ್ತದೆ.

ಮುಖದ ಮೂಳೆಗೆ ಹಲ್ಲಿನ ಡಾಕ್ಟರಾ?

ಹೌದು, ಹಲವು ಸಲ. ನಮ್ಮ ದೇಶದಲ್ಲಿ ಬಿಡಿಎಸ್ ಮುಗಿಸಿ, ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರು ಈ ಕೆಲಸದಲ್ಲಿ ಪಳಗಿರುತ್ತಾರೆ. ಕಣ್ಣು, ಕಿವಿ-ಮೂಗು-ಗಂಟಲು, ಪ್ಲಾಸ್ಟಿಕ್ ಸರ್ಜರಿ, ನ್ಯೂರೊ ಸರ್ಜರಿಯವರೂ ಬೇಕಾದಂತೆ ಸೇರುತ್ತಾರೆ. ಹಲ್ಲು ಇಲ್ಲಿ ಮುಖ್ಯವಾಗುವುದಕ್ಕೆ ಕಾರಣವಿದೆ. ಛಿದ್ರವಾದ ದವಡೆಯನ್ನು ಎಲ್ಲಿಗೆ ತಂದು ಕೂರಿಸಬೇಕು ಎಂಬುದಕ್ಕೆ ಇರುವ ಅತಿ ಖಚಿತ ಗುರುತು ಹಲ್ಲೇ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಮೊದಲಿನಂತೆ ಕೂತರೆ ದವಡೆ ತನ್ನ ಜಾಗಕ್ಕೆ ಬಂದಿದೆ ಎಂದು ಅರ್ಥ. ಎರಡೂ ಸಾಲನ್ನು ತಂತಿಯಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಕಟ್ಟುವುದು ಇದಕ್ಕಾಗಿ.

ಎಲ್ಲ ಮುರಿತಕ್ಕೂ ಆಪರೇಷನ್ ಬೇಕಿಲ್ಲ. ಮೂಳೆ ಜರುಗಿಲ್ಲ, ಕಣ್ಣು, ಹಲ್ಲು ಸರಿಯಿದೆ ಅಂದರೆ ಮೆತ್ತನೆಯ ಊಟ ಕೊಟ್ಟು ಕಾದು ನೋಡುತ್ತಾರೆ. ಬೇಕಾದಾಗಲೂ ಊತ ಇಳಿಯಲಿ ಅಂತ ಐದಾರು ದಿನ ಬಿಡುವುದುಂಟು. ಡಾಕ್ಟರು ತಡ ಮಾಡುತ್ತಿದ್ದಾರೆ ಅಂತ ಆಗ ಸಿಟ್ಟಾಗಬೇಕಿಲ್ಲ. ಎರಡು ವಾರ ದಾಟಿದರೆ ಮಾತ್ರ ಕೆಲಸ ಕಷ್ಟವಾಗುತ್ತದೆ.

ಕೆನ್ನೆಯ ಕಮಾನು ಮಾತ್ರ ಕುಸಿದಿದ್ದರೆ ಕಿವಿಯ ಮೇಲೆ ಕೂದಲೊಳಗೆ ಸಣ್ಣದಾಗಿ ಕೊಯ್ದು, ಒಂದು ಸಲಾಕೆ ತೂರಿಸಿ ಒಳಗಿನಿಂದ ಎತ್ತುತ್ತಾರೆ. ಹೆರಾಲ್ಡ್ ಗಿಲ್ಲಿಸ್ ಮತ್ತು ಜೊತೆಯವರು ಇದನ್ನು 1927ರಲ್ಲಿ ವಿವರಿಸಿದರು. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಇಂಗ್ಲೆಂಡಿನಲ್ಲಿ ಚಿಕಿತ್ಸೆ ಮಾಡಿದ್ದ ಗಿಲ್ಲಿಸ್ ಇವರೇ. ದೊಡ್ಡ ಮುರಿತಕ್ಕೆ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಕಂಬಗಳನ್ನು ಮೊದಲು ನಿಲ್ಲಿಸುತ್ತಾರೆ. ಕೊಯ್ಯುವುದು ಬಹಳ ಮಟ್ಟಿಗೆ ಬಾಯೊಳಗೆ, ಕಣ್ಣಿನ ರೆಪ್ಪೆಯ ಮಡಿಕೆಯಲ್ಲಿ, ಹುಬ್ಬಿನ ತುದಿಯಲ್ಲಿ. ಹಾಗಾಗಿ ಗುರುತು ಅಷ್ಟಾಗಿ ಕಾಣುವುದಿಲ್ಲ.

ಇಲ್ಲಿ ಅರಿವಳಿಕೆ ಡಾಕ್ಟರ ಪಾಡು ಯಾರೂ ಯೋಚಿಸದ್ದು. ಮೂಗು ಮುರಿದಿದೆ, ಬಾಯಿ ಕಟ್ಟಬೇಕಿದೆ, ಉಸಿರಿನ ಕೊಳವೆ ಎಲ್ಲಿಂದ ಹಾಕುವುದು? ಅದಕ್ಕೆ ಕೆಲವೊಮ್ಮೆ ಗದ್ದದ ಕೆಳಗೆ ಸಣ್ಣ ದಾರಿ ಮಾಡಿ ಕೊಳವೆಯನ್ನು ಅಲ್ಲಿಂದ ಹೊರಗೆ ತರುತ್ತಾರೆ.

ಮನೆಗೆ ಬಂದ ಮೇಲೆ

ಮೂಳೆ ಕೂಡಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಅಗಿಯುವ ಊಟ ಬೇಡ. ರಾಗಿ ಅಂಬಲಿ, ಗಂಜಿ, ತಿಳಿಸಾರು ಕಲಸಿದ ಮೆತ್ತನ್ನ, ಮೊಸರು, ಬೇಯಿಸಿ ಕಿವುಚಿದ ಬೇಳೆ ನಡೆಯುತ್ತದೆ. ತೂಕ ಇಳಿಯುತ್ತದೆ, ಗಾಬರಿಯಾಗಬೇಡಿ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಬಾಯಿ ತೊಳೆಯುವುದನ್ನು ಮಾತ್ರ ತಪ್ಪಿಸಬೇಡಿ, ಹೊಲಿಗೆ ಇರುವುದು ಬಾಯೊಳಗೆ.

ಮೂಗನ್ನು ಜೋರಾಗಿ ಸೀಟಬಾರದು. ಸೈನಸ್ ಗೋಡೆ ಒಡೆದಿರುವುದರಿಂದ ಗಾಳಿ ಚರ್ಮದ ಕೆಳಗೆ ನುಗ್ಗುತ್ತದೆ. ಕಣ್ಣಿನ ಸುತ್ತ ತಟ್ಟನೆ ಊದಿ, ಒತ್ತಿದರೆ ಚಟಪಟ ಅನ್ನುತ್ತದೆ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಬಾಯಿ ಕಟ್ಟಿದ್ದರೆ ತಂತಿ ಕತ್ತರಿಸುವ ಕತ್ತರಿ ಕೈಗೆ ಸಿಗುವಂತೆ ಇರಲಿ. ವಾಂತಿ ಬಂದಾಗ ಬೇಕಾಗಬಹುದು, ಯಾವ ತಂತಿ ಕತ್ತರಿಸಬೇಕು ಎಂಬುದನ್ನು ಡಾಕ್ಟರ ಹತ್ತಿರ ಮೊದಲೇ ತೋರಿಸಿಕೊಳ್ಳಿ.

ಕೆನ್ನೆಯ ಜೋಮು ಎಲ್ಲಕ್ಕಿಂತ ನಿಧಾನ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಮ್ಮಿಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಪ್ಲೇಟುಗಳು ತೊಂದರೆ ಕೊಡದಿದ್ದರೆ ಅಲ್ಲೇ ಇರುತ್ತವೆ, ತೆಗೆಸಬೇಕಿಲ್ಲ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ, ಆದ್ದರಿಂದ ಮುಂದೆ ಎಂಆರ್‌ಐ ಮಾಡಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಒಳಗೆ ಹೋಗುವ ಮೊದಲು ‘ಮುಖದಲ್ಲಿ ಪ್ಲೇಟ್ ಇದೆ’ ಅಂತ ಟೆಕ್ನಿಷಿಯನ್‌ಗೆ ಹೇಳಿ, ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಜೊತೆಗಿಟ್ಟುಕೊಂಡು ಹೋಗಿ.